ಬಾಗಿಲು ಹಾಕಿಕೊಂಡ ಆಯಿ

ಅವರ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಕಪ್ಪಾಗಿರುತ್ತಿತ್ತು. ಮಿಶ್ರಿ ಎಂಬ ಸುಟ್ಟ ಹೊಗೆಸೊಪ್ಪಿನ ಪುಡಿಯನ್ನು ಆ ಬೆರಳಿನಿಂದಲೇ ಹಲ್ಲಿಗೆ ತಿಕ್ಕಿ ತಿಕ್ಕಿ ಆದ ಕಪ್ಪು ಅದು, ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಅದೇ ಬೆರಳನ್ನು ಎದುರಿನವರ ಮೂಗಿನ ಹತ್ತಿರ ತಂದು ಮಾತಾಡುವುದು ಅವರ ಕ್ರಮ. ನೀರಿನ ಟ್ಯಾಂಕರಿನವನಿಗೂ ಅದೇ ಬೆರಳು, ಸೊಸೈಟಿಯ ಸೆಕ್ರೆಟರಿಗೂ ಅದೇ ಬೆರಳು. ನನ್ನ ಗಂಡನಂತೂ ಅವರು ಮೆಟ್ಟಿಲಲ್ಲಿ ಕಂಡರೆ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿಬಿಡುತ್ತಿದ್ದರು.

ಡೊಂಬಿವಲಿಯಲ್ಲಿ ನಮ್ಮ ಎದುರು ಬಾಗಿಲು ಅವರದು. ಬಿಜಾಪುರದ ಕಡೆಯವರು. ಗಂಡ ತೀರಿಕೊಂಡಿದ್ದರು. ಒಬ್ಬನೇ ಮಗ, ಮದುವೆಯಾಗಿರಲಿಲ್ಲ, ಬೆಳಗ್ಗೆ ರಬಾಳೆಯ ಕಾರ್ಖಾನೆಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ಹಗಲೆಲ್ಲ ಅವರ ಬಾಗಿಲು ತೆರೆದೇ ಇರುತ್ತಿತ್ತು, ಉಡುಪಿ ಕಡೆಯವರಾದ ನಮ್ಮದೂ ಹಾಗೆಯೇ. ಅವರ ಜೋಳದ ರೊಟ್ಟಿ ಈ ಕಡೆ, ನನ್ನ ನೀರುದೋಸೆ ಆ ಕಡೆ. "ಇದು ದ್ವಾಸಿನೋ ಕರ್ಚೀಪೋ ತಂಗಿ?" ಎಂದು ಬೆಳಕಿಗೆ ಹಿಡಿದು ನೋಡಿ, ನಕ್ಕು, ಐದಾರು ತಿಂದು ಮುಗಿಸುವರು.

ತೊಂಬತ್ತರ ದಶಕದ ಮೊದಲ ವರ್ಷಗಳು. ಎರಡೂವರೆ ವರ್ಷದ ಮಗಳನ್ನು ಅನಾಥಾಶ್ರಮದಿಂದ ಮನೆಗೆ ತಂದೆವು. ಕೋರ್ಟಿನ ಆದೇಶ ಇನ್ನೂ ಬಂದಿರಲಿಲ್ಲ. ಅಲ್ಲಿಯತನಕ ಮಗು ನಮ್ಮ ಜೊತೆ ಇರಬಹುದು, ಹೊಂದಿಕೆಯಾಗದಿದ್ದರೆ ವಾಪಸ್ ಒಪ್ಪಿಸಬಹುದು ಎಂದಿದ್ದರು. ಒಪ್ಪಿಸುವುದಂತೆ! ಮಗು ಏನು ಅಂಗಡಿಯಿಂದ ತಂದ ಸೀರೆಯಾ? ಆ ಮಾತಿಗೆ ನನಗೆ ಅಲ್ಲೇ ಮೈ ಉರಿದಿತ್ತು. ಠಾಣೆ ಪಟ್ಟಣದ ಆಫೀಸೊಂದರ ಟೈಪಿಂಗ್ ಕೆಲಸ ಬಿಟ್ಟು ಮನೆಯಲ್ಲಿ ಕೂತೆ.

ಬಂದ ಮೊದಲ ಬೆಳಗ್ಗೆಯೇ ಮಗು ನನ್ನ ಕಡೆ ಎರಡೂ ಕೈ ಎತ್ತಿ "ಆಯಿ" ಎಂದಿತು. ಮರಾಠಿಯಲ್ಲಿ ಆಯಿ ಎಂದರೆ ಅಮ್ಮ. ಯಾವ ಭಾಷೆಯಾದರೇನು, ನಾನು ಕರಗಿ ನೀರಾದೆ. ಎತ್ತಿಕೊಂಡು ಪ್ಯಾಸೇಜಿಗೆ ಬಂದರೆ ಎದುರು ಮನೆಯವರು ಹೊರಗೆ ಬಂದರು. ಮಗು ಅವರ ಕಡೆಗೂ ಹಾಗೆಯೇ ಕೈ ಚಾಚಿ "ಆಯಿ" ಎಂದಿತು.

"ಅಯ್ಯ ನನ್ನವ್ವಾ! ಯಾರ ಹೇಳಿಕೊಟ್ಟರ ಇದಕ್ಕ? ಬಂದ ದಿನಾನ ನನಗ ಆಯಿ ಅಂತೈತಲ್ಲ!" ಎಂದು ಅವರು ಕುಣಿದೇಬಿಟ್ಟರು. ಅವರ ಊರಲ್ಲಿ ಆಯಿ ಎಂದರೆ ಅಜ್ಜಿ. ಮೊಮ್ಮಕ್ಕಳಿಲ್ಲದ ಹೆಂಗಸು ಆ ಕ್ಷಣದಲ್ಲಿ ಅಜ್ಜಿಯಾದರು. ಅಂದಿನಿಂದ ನಾನೂ ಅವರನ್ನು ಆಯಿ ಎಂದೇ ಕರೆದೆ.

ಸಂಜೆಯೊಳಗೆ ಮಗು ಮೀನು ಮಾರುವವಳಿಗೆ ಆಯಿ ಎಂದಿತು, ಕಸ ಒಯ್ಯುವವಳಿಗೆ ಎಂದಿತು, ಮೇಲಿನ ಮಹಡಿಯ ಕಾಲೇಜು ಹುಡುಗಿಗೂ ಎಂದಿತು. ಆಶ್ರಮದಲ್ಲಿ ಪಾಳಿಯ ಮೇಲೆ ಬಂದುಹೋಗುವ ಹೆಂಗಸರೆಲ್ಲ ಅದಕ್ಕೆ ಆಯಿಯರೇ. ನನ್ನನ್ನು ಅಮ್ಮ ಎಂದದ್ದಲ್ಲ ಅದು, ಹೊಸ ಪಾಳಿಯವಳು ಬಂದಳು ಎಂದುಕೊಂಡದ್ದು. ಅಡಿಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮಗು ಮಾತ್ರ ಅಳುತ್ತಿರಲಿಲ್ಲ. ಮೆಟ್ಟಿಲಿಂದ ಉರುಳಿ ಹಣೆ ಒಡೆದು ರಕ್ತ ಸೋರಿದರೂ ಎದ್ದು ನಿಂತು ನಗುತ್ತಿತ್ತು. ತಿಂದು ಮಿಕ್ಕಿದ್ದನ್ನು ದಿಂಬಿನ ಕವರಿನೊಳಗೆ ತುರುಕುತ್ತಿತ್ತು. ಮಲಗುವಾಗ ತನ್ನನ್ನು ತಾನೇ ತೂಗಿಕೊಂಡು ಗೋಡೆಗೆ ತಲೆ ಕುಟ್ಟುತ್ತಿತ್ತು. ಬಿಲ್ಡಿಂಗಿನ ಹೆಂಗಸರು, "ಎಷ್ಟು ಶಾಣೀ ಮಗು, ರಗಳೆಯೇ ಇಲ್ಲ" ಎಂದು ಹೊಗಳುತ್ತಿದ್ದರು. ಆಯಿಗೆ ಮಾತ್ರ ಆ ಹೊಗಳಿಕೆ ಕೇಳಿದರಾಗುತ್ತಿರಲಿಲ್ಲ.

ಒಂದು ದಿನ ನೋಡುತ್ತೇನೆ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದರ ತೋಳನ್ನು ಜಿಗುಟುತ್ತಿದ್ದಾರೆ! ಓಡಿಹೋಗಿ ಕಿತ್ತುಕೊಂಡೆ.

"ಎಂತ ಮಾಡ್ತಾ ಇದ್ದೀರಿ ನೀವು? ತಲೆ ಕೆಟ್ಟಿದೆಯಾ?"

"ಅಳಲಿಲ್ಲ ತಂಗಿ," ಎಂದರು. "ಎಷ್ಟ ಜಿಗಟಿದರೂ ಅಳಲಿಲ್ಲ. ನನ್ನ ಮುಖಾ ನೋಡಿ ನಗತೈತಿ."

ಎಂದವರು ಸೆರಗು ಬಾಯಿಗೆ ಒತ್ತಿಕೊಂಡು ತಾವೇ ಅತ್ತರು. ಆದರೂ ನನಗೆ ಸಿಟ್ಟು ಇಳಿಯಲಿಲ್ಲ. ಕೆಲವು ದಿನ ಮಾತು ಬಿಟ್ಟೆ. ಮಗುವಿಗೆಲ್ಲಿ ಆ ಸಿಟ್ಟು? ಮರುದಿನವೇ ಅವರ ಬಾಗಿಲಲ್ಲಿ ಹಾಜರು.

ಹೆಸರು ಕರೆದರೆ ಮಗು ತಿರುಗುತ್ತಿರಲಿಲ್ಲ. ಕಿವಿ ಕೇಳಿಸುತ್ತದೋ ಇಲ್ಲವೋ ಎಂದು ಕಲ್ಯಾಣದ ಡಾಕ್ಟರಿಗೆ ತೋರಿಸಲು ಹೊರಟೆ. "ಒಬ್ಬಾಕಿನ ಹ್ಯಾಂಗ ಹೋಗ್ತಿ?" ಎಂದು ಆಯಿಯೂ ಬಂದರು. ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಜನವೋ ಜನ. ಗಾಡಿ ಬಂತು, ಲೇಡೀಸ್ ಡಬ್ಬಿಗೆ ನೂಕುನುಗ್ಗಲಾಯಿತು, ಯಾರದೋ ಬುಟ್ಟಿ ನನಗೂ ಮಗುವಿಗೂ ನಡುವೆ ತೂರಿತು. ತಿರುಗಿದರೆ ಕೈಯಲ್ಲಿ ಮಗು ಇಲ್ಲ. ಗಾಡಿ ಹೊರಟುಹೋಯಿತು.

ನಾನು ಕಿರುಚಿದ್ದು ಇಡೀ ಸ್ಟೇಷನ್ನಿಗೆ ಕೇಳಿಸಿರಬೇಕು. ಪೊಲೀಸಿನವನು ಬಂದು ಮರಾಠಿಯಲ್ಲಿ ಸಮಾಧಾನ ಹೇಳಿದ. ತಪ್ಪಿಸಿಕೊಂಡ ಮಗು ಅಳುತ್ತದೆ, ಅಳುವ ಮಗುವನ್ನು ಯಾರಾದರೂ ನಮ್ಮ ಹತ್ತಿರ ತರುತ್ತಾರೆ, ಇಲ್ಲೇ ಕೂತಿರಿ ಎಂದ.

ಆಯಿಯ ಬೆರಳು ಅವನ ಮೂಗಿಗೆ ಹೋಯಿತು. "ನಮ್ಮ ಕೂಸು ಅಳಂಗಿಲ್ಲೋ ಮಾರಾಯಾ! ಅದು ಯಾರ ತೊಡಿ ಮ್ಯಾಲೆ ಬೇಕಾದರೂ ನಕ್ಕೋಂತ ಕುಂಡರತೈತಿ. ಕಳದೈತಿ ಅಂತ ಯಾರಿಗೆ ಗೊತ್ತಾಗತೈತಿ?"

ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ನನಗೆ ತಿಳಿಯಿತು.

ಮಗು ಆ ಗಾಡಿಯಲ್ಲೇ ಹೋಗಿರಬೇಕೆಂದು, ಹಿಂದೆಯೇ ಬಂದ ಗಾಡಿಗೆ ಆಯಿ ನನ್ನನ್ನು ಎಳೆದು ಹತ್ತಿಸಿದರು. ಸ್ಟೇಷನ್ ಬಂದಾಗಲೆಲ್ಲ ಬಾಗಿಲ ಕಂಬಿ ಹಿಡಿದು ಅರ್ಧ ಹೊರಗೆ ಬಾಗಿ, ತಮ್ಮ ಹರಕು ಮರಾಠಿಯಲ್ಲಿ ಹೆಂಗಸರನ್ನು ಕೂಗಿ ಕೇಳಿದರು. ಅಳುವ ಮಗು ಕಂಡಿತಾ ಎಂದು ಎಲ್ಲರೂ ಕೇಳುವ ಹಾಗೆ ಅಲ್ಲ. "ಪೋರಗೀ ಕುಣಾಲಾ ಆಯಿ ಮ್ಹಣಾಲೀ ಕಾ?" ಯಾವುದಾದರೂ ಹುಡುಗಿ ನಿಮ್ಮನ್ನು ಆಯಿ ಎಂದಳಾ? ಠಾಕುರ್ಲಿಯಲ್ಲಿ ಜನ ನಕ್ಕರು. ಕಲ್ಯಾಣದಲ್ಲಿ ಕೇಳಿಸಿಕೊಳ್ಳುವವರೇ ಇಲ್ಲ. ನಾನು ಡಬ್ಬಿಯ ನೆಲದಲ್ಲಿ ಕೂತುಬಿಟ್ಟಿದ್ದೆ.

ವಿಠ್ಠಲವಾಡಿಯಲ್ಲಿ ಬೆಂಚಿನ ಮೇಲಿದ್ದ ತರಕಾರಿಯವಳೊಬ್ಬಳು ಕೈ ಎತ್ತಿದಳು. ಅವಳ ತೊಡೆಯ ಮೇಲೆ ನಮ್ಮ ಮಗು, ಕೈಯಲ್ಲಿ ಕಡಲೆ. ಗಾಡಿಯಲ್ಲಿ ಬೇರೆ ಹೆಂಗಸೊಬ್ಬಳನ್ನು ಅದು ಆಯಿ ಆಯಿ ಎನ್ನುತ್ತಿತ್ತಂತೆ, ಅವಳೇ ತಾಯಿ ಎಂದು ಎಲ್ಲರೂ ತಿಳಿದರಂತೆ. ಆ ಹೆಂಗಸು ಇಳಿದುಹೋದ ಮೇಲೆ ಮಗು ಇವಳ ಸೆರಗು ಹಿಡಿದು ಇವಳಿಗೂ ಆಯಿ ಎಂದಿತಂತೆ.

ಮಗು ಸಿಕ್ಕಿತು, ಸರಿ. ಆದರೆ ನನ್ನನ್ನು ನೋಡಿ ಅದು ಏಳಲಿಲ್ಲ. ಎಲ್ಲರಿಗೂ ಕೊಡುವ ಅದೇ ನಗೆ ಕೊಟ್ಟು ಕಡಲೆ ತಿನ್ನತೊಡಗಿತು. ಅದು ಕಾಣೆಯಾದಾಗ ಆಗದಷ್ಟು ಸಂಕಟ ನನಗೆ ಆಗ ಆಯಿತು.

ನನ್ನ ಗಂಡ ಸುಳ್ಳು ಹೇಳುವವರಲ್ಲ. ಆಶ್ರಮದಿಂದ ಮಗುವನ್ನು ನೋಡಿಹೋಗಲು ಬರುತ್ತಿದ್ದ ಮೇಡಂಗೆ ನಡೆದದ್ದೆಲ್ಲ ಹೇಳಿಬಿಟ್ಟರು. ಆಕೆ ಬೈಯಲಿಲ್ಲ. ಕಿವಿಯಲ್ಲಿ ದೋಷವಿಲ್ಲ ಎಂಬ ಡಾಕ್ಟರ ಮಾತನ್ನೂ ಕೇಳಿಕೊಂಡು ಹೇಳಿದರು: ಹುಟ್ಟಿದಾಗಿನಿಂದ ಇದನ್ನು ಬಹಳ ಕೈಗಳು ಎತ್ತಿವೆ, ಯಾವ ಕೈಯೂ ಉಳಿದಿಲ್ಲ. ಅತ್ತರೆ ಯಾರೂ ಬರಲಿಲ್ಲ, ಅಳುವುದನ್ನೇ ಬಿಟ್ಟಿದೆ. ಇನ್ನು ಕೆಲವು ತಿಂಗಳು ಎತ್ತುವುದು, ತಿನ್ನಿಸುವುದು, ಸಮಾಧಾನ ಮಾಡುವುದು ಎಲ್ಲ ನೀವಿಬ್ಬರೇ, ಬೇರೆ ಯಾರೂ ಬೇಡ. ಆಗ ನಿಮ್ಮನ್ನು ಗುರುತು ಹಿಡಿದೀತು. ನಿಮ್ಮಿಂದಾಗದಿದ್ದರೆ ಕೋರ್ಟಿಗೆ ಮುಂಚೆಯೇ ಹೇಳಿ, ಯಾರೂ ತಪ್ಪು ತಿಳಿಯುವುದಿಲ್ಲ.

ಆಕೆ ಹೋದ ಮೇಲೆ ಗಂಡ, "ಒಂದು ಸಲ ಯೋಚನೆ ಮಾಡುವನಾ?" ಎಂದರು. "ಮಾಡಿ. ಒಪ್ಪಿಸುವುದಾದರೆ ನನ್ನನ್ನೂ ಒಪ್ಪಿಸಿ ಬನ್ನಿ," ಎಂದೆ. ಅವರು ಮತ್ತೆ ಆ ಮಾತೆತ್ತಲಿಲ್ಲ. ಆದರೆ ಒಳಗೆ ನನಗೂ ಪುಕಪುಕ. ಗುರುತು ಹಿಡಿಯದಿದ್ದರೆ?

ಬಿಲ್ಡಿಂಗಿನವರಿಗೆ ಹೇಳಿದೆ. "ನಮ್ಮ ಕೈಯಲ್ಲೇನು ವಿಷ ಇದೆಯಾ?" ಎಂದು ಮುಖ ತಿರುಗಿಸಿದರು. ಆಯಿಗೆ ಮಾತ್ರ ಹೇಳಲು ನಾಲಗೆ ಏಳಲಿಲ್ಲ. ಅವರೇ ಬಂದು ಹೊಸ್ತಿಲಲ್ಲಿ ನಿಂತರು.

"ಎಲ್ಲಾರಿಗೂ ಹೇಳಿದಿ, ನನಗ ಯಾಕ ಹೇಳವಲ್ಲಿ?"

"ನಿಮಗೆ ಹೇಗೆ ಹೇಳುವುದು ಆಯಿ?"

"ಎಲ್ಲಾರಕಿಂತ ನನ್ನ ಹಂತೇಕ ಹೆಚ್ಚು ಬರತೈತಿ ಅದು. ಮೊದಲ ನನ್ನ ಬಾಗಿಲಾನ ಹಾಕಬೇಕು."

ಹೇಳಿದವರೇ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಏಪ್ರಿಲ್ ತಿಂಗಳು. ಕರೆಂಟು ಹೋದರೆ ಆ ಕೋಣೆ ಒಲೆಯಂತಾಗುತ್ತಿತ್ತು. ಮಗು ದಿನಾ ಹೋಗಿ ಬಾಗಿಲು ಬಡಿಯುತ್ತಿತ್ತು: "ಆಯಿ! ಆಯಿ!" ಒಳಗಿಂದ ರೊಟ್ಟಿ ತಟ್ಟುವ ಸದ್ದು ನಿಂತುಹೋಗುತ್ತಿತ್ತು. ನಾನು ಎತ್ತಿ ತಂದರೆ ಸೊಂಟದಿಂದ ಜಾರಿ ಮತ್ತೆ ಅಲ್ಲಿಗೇ ಓಟ. ಮೇ ಹೋಯಿತು, ಮಳೆ ಶುರುವಾಯಿತು. ಮೇಡಂ ಮತ್ತೆ ಬಂದು ವರದಿ ಬರೆಯುವ ದಿನ ಹತ್ತಿರವಾಯಿತು. ಮಗು ಇನ್ನೂ ಹಾಲಿನವನ ಹೆಂಡತಿಗೂ ನನಗೂ ಒಂದೇ ನಗೆ ನಗುತ್ತಿತ್ತು.

ಒಂದು ಮಧ್ಯಾಹ್ನ ಹಾಗೆ ಬಡಿಯುತ್ತಿದ್ದಾಗ ಒದ್ದೆ ನೆಲದಲ್ಲಿ ಕಾಲು ಜಾರಿ, ಗದ್ದ ಹೊಸ್ತಿಲಿಗೆ ಅಪ್ಪಳಿಸಿತು. ನಾನು ನಮ್ಮ ಬಾಗಿಲಲ್ಲಿ ಕಲ್ಲಾಗಿ ನಿಂತೆ. ಮಗು ಎದ್ದಿತು. ಆಯಿಯ ಬಾಗಿಲನ್ನು ನೋಡಿತು. ಅದು ತೆರೆಯಲಿಲ್ಲ. ತಿರುಗಿ ನನ್ನನ್ನು ನೋಡಿತು. ನಗಲಿಲ್ಲ. ತುಟಿ ನಡುಗಿತು, ಬಾಯಿ ದೊಡ್ಡದಾಯಿತು, ಸ್ವರ ಮಾತ್ರ ಬರಲಿಲ್ಲ.

ಮುಚ್ಚಿದ ಬಾಗಿಲ ಸಂದಿಯಿಂದ ನೋಡುತ್ತಿದ್ದ ಆಯಿಯ ಗುಡುಗು: "ಎತ್ತಿಗೋ ತಂಗಿ! ನಿಂತ ಏನ ನೋಡಾಕತ್ತಿ!"

ಎತ್ತಿಕೊಂಡೆ. ನನ್ನ ಕುತ್ತಿಗೆಗೆ ಮುಖ ಒತ್ತಿ ಮಗು ಅತ್ತಿತು ನೋಡಿ, ಅಬ್ಬಾ, ಮೂರೂ ಮಹಡಿಯವರು ಹೊರಗೆ ಬಂದರು! ಯಾರೋ ಸಮಾಧಾನಕ್ಕೆ ಕೈ ಚಾಚಿದರೆ ಅವರ ಕೈಯನ್ನು ತಳ್ಳಿತು. ನನ್ನ ಕುಪ್ಪಸವೆಲ್ಲ ರಕ್ತ, ಸಿಂಬಳ, ಕಣ್ಣೀರು. ಅಷ್ಟು ಸುಖ ನನಗೆ ಜೀವಮಾನದಲ್ಲಿ ಆಗಿಲ್ಲ. ಎದುರಿನ ಬಾಗಿಲ ಹಿಂದೆಯೂ ಒಂದು ಅಳು ಕೇಳುತ್ತಿತ್ತು, ಅದಕ್ಕೆ ಸಮಾಧಾನ ಮಾಡುವವರು ಯಾರೂ ಇರಲಿಲ್ಲ.

ಕೋರ್ಟಿನ ಆದೇಶ ಬಂದ ದಿನ ಪೇಡೆ ಹಿಡಿದು ಹೋದೆ. ಆಯಿ ಬಾಗಿಲು ತೆರೆದು ಕೈ ಚಾಚಿದರು. ಮಗು ನನ್ನ ಹಿಂದೆ ಅಡಗಿತು. "ಹಾಂ, ಹಿಂಗ ಇರಬೇಕು. ಹೊರಗಿನವರಿಗೆ ಅಂಜಬೇಕು," ಎಂದು ನಕ್ಕರು, ಪೇಡೆಯನ್ನು ಬಾಯಿಗಿಡದೆ ಕೈಯಲ್ಲೇ ಹಿಡಿದುಕೊಂಡಿದ್ದರು. ಮಗಳು ದೊಡ್ಡವಳಾದ ಮೇಲೆ ಎಲ್ಲ ಹೇಳುತ್ತೇನೆ ಎಂದೆ. "ಏನೂ ಹೇಳಬ್ಯಾಡ. ಸಣ್ಣ ಕೂಸಿಗೆ ಋಣದ ಲೆಕ್ಕ ಯಾಕ? ನಿನ್ನ ಹಂತೇಕ ಬಂತಲ್ಲ, ಮುಗೀತು." ಮಗಳು ಆಮೇಲೆ ಯಾರನ್ನೂ ಆಯಿ ಎನ್ನಲಿಲ್ಲ. ನಾನು ಅಮ್ಮನಾದೆ.

ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮಾತು ತಡವಾಗಿ ಬಂತು, ಶಾಲೆಯಲ್ಲಿ ಒಂದು ಕ್ಲಾಸು ಎರಡು ಸಲ ಕೂತಳು. ಮೈ ಸುಡುವ ಜ್ವರ ಬಂದರೂ ತಾನಾಗಿ ಹೇಳುವುದಿಲ್ಲ, ಹಣೆ ಮುಟ್ಟಿ ನಾನೇ ತಿಳಿಯಬೇಕು. ದಿಂಬಿನ ಕೆಳಗೆ ಈಗ ರೊಟ್ಟಿಯ ಬದಲು ಬಿಸ್ಕತ್ತಿನ ಪ್ಯಾಕೆಟ್ಟು. ನಾನು ತೆಗೆಯುವುದಿಲ್ಲ, ಹಳೆಯದಾದರೆ ಹೊಸದು ಇಡುತ್ತೇನೆ.

ಆಯಿಯ ಮಗ ಕೆಲಸಕ್ಕೆ ಹತ್ತಿರವೆಂದು ಕೋಪರಖೈರಣೆಯಲ್ಲಿ ರೂಮು ಮಾಡಿದ, ಅವರೂ ಹೋದರು. ಹೋಗಿಬರುತ್ತಿದ್ದೆ, ಮಗಳನ್ನು ಕರೆದರೆ ಬರುತ್ತಿರಲಿಲ್ಲ. ದಶಕ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ಆಯಿ ಹೋಗಿಬಿಟ್ಟರು ಎಂದು ಮಗ ಫೋನು ಮಾಡಿದ. ಮಗಳಿಗೆ ಹೇಳಿದರೆ, ತಲೆ ಬಾಚಿಕೊಳ್ಳುತ್ತ ಹಿಂದಿಯಲ್ಲಿ ಕೇಳಿದಳು: "ಕೌನ್? ವೋ ಬುಢ್ಢೀ? ವೋ ತೋ ಮುಝೇ ದೇಖ್ ಕೇ ದರ್ವಾಜಾ ಬಂದ್ ಕರ್ ಲೇತೀ ಥೀ." ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಆ ಮುದುಕಿಯಾ, ಎಂದು.

ಕೆನ್ನೆಗೊಂದು ಬಿಡುವಷ್ಟು ಸಿಟ್ಟು ಬಂತು. ಕೈ ಕಟ್ಟಿ ಕೂತೆ. ಹೇಳಬೇಡ ಎಂಬ ಆಯಿಯ ಮಾತನ್ನು ಅಷ್ಟು ವರ್ಷ ನಡೆಸಿದ್ದೆ, ಅಂದು ನಡೆಸಲಿಲ್ಲ. ಅವಳನ್ನು ಎದುರಿಗೆ ಕೂರಿಸಿಕೊಂಡು ಮೊದಲಿಂದ ಕೊನೆತನಕ ಹೇಳಿದೆ. ಅವಳು ಅಳಲಿಲ್ಲ. ಬಾಚಣಿಗೆ ಕೆಳಗಿಟ್ಟು ಚಪ್ಪಲಿ ಹಾಕಿಕೊಂಡಳು.

ಕೋಪರಖೈರಣೆಯ ಆ ರೂಮಿನ ಮುಂದೆ ಜನ ನಿಂತಿದ್ದರು. ಒಳಗೆ ಆಯಿಯನ್ನು ಮಲಗಿಸಿದ್ದರು. ನಾನು ಒಳಗೆ ಕಾಲಿಟ್ಟೆ. ಮಗಳು ಹೊಸ್ತಿಲ ಆಚೆಗೇ ನಿಂತುಬಿಟ್ಟಳು. ನನ್ನ ಸೆರಗು ಜಗ್ಗಿ, ಬೇರೆ ಯಾರಿಗೂ ಕೇಳಿಸದ ಹಾಗೆ, ಕನ್ನಡದಲ್ಲಿ ಕೇಳಿದಳು:

"ಅಮ್ಮಾ, ಈಗ ಒಳಗೆ ಹೋಗಬಹುದಾ?"