ಅತ್ಯಾ ಆರಿಸಿದ ಗಿಟಾರು

ನನಗೆ ಗಿಟಾರು ನುಡಿಸಲು ಬರುವುದಿಲ್ಲ, ಆರಿಸಲು ಬರುತ್ತದೆ. ಇದೆಂಥ ವಿದ್ಯೆ ಎಂದು ನೀವು ನಗಬಹುದು. ಒಲೆ ಹೊತ್ತಿಸಲೂ ಬಾರದ ಗಂಡಸರು ಸಂತೆಯಲ್ಲಿ ಬದನೆಕಾಯಿಯನ್ನು ಎಷ್ಟು ಗಾಂಭೀರ್ಯದಿಂದ ತಿರುವಿ ನೋಡುತ್ತಾರೆಂಬುದನ್ನು ಒಮ್ಮೆ ನೆನಪಿಸಿಕೊಂಡರೆ ಆ ನಗೆ ಅರ್ಧವಾದೀತು. ಅದೂ ಅಲ್ಲದೆ ನಾನು ಧಾರವಾಡದವನು. ನಮ್ಮಲ್ಲಿ ಹಾಡಲು ಬಾರದವನೂ ಹಾಡುವವರು ಎಲ್ಲಿ ತಪ್ಪಿದರೆಂದು ಹೇಳಬಲ್ಲ.

ಈ ಗಿಟಾರಿನ ಹುಚ್ಚು ನನಗೆ ಹಿಡಿದದ್ದು ಹುಬ್ಬಳ್ಳಿಯಲ್ಲಿ, ಸಿನಿಮಾ ಇನ್ನೂ ಮೂಕವಾಗಿದ್ದ ಕಾಲದಲ್ಲಿ. ಪರದೆಯ ಮೇಲೆ ಚಿತ್ರ ಓಡುತ್ತಿದ್ದರೆ ಕೆಳಗೆ ನಾಲ್ಕಾರು ವಾದ್ಯದವರು ಕೂತು ಅದಕ್ಕೆ ದನಿ ಕೊಡುತ್ತಿದ್ದರು. ಪೇಟಿ, ತಬಲಾ, ಪಿಟೀಲು, ಅವುಗಳ ಪಕ್ಕದಲ್ಲಿ ಗೋವೆಯ ಪೆದ್ರು ಮಾಸ್ತರರ ಗಿಟಾರು. ಕುದುರೆ ಓಡಿದರೆ ಅವರ ಬೆರಳೂ ಓಡುತ್ತಿದ್ದವು. ನಾಯಕಿ ಕಣ್ಣೊರೆಸಿಕೊಂಡರೆ ಅವರ ಒಂದು ತಂತಿ ಅವಳ ಪರವಾಗಿ ಅಳುತ್ತಿತ್ತು. ಕಾಲೇಜು ಹುಡುಗನಾದ ನಾನು ಟಿಕೀಟು ತೆಗೆಸುತ್ತಿದ್ದುದು ಚಿತ್ರಕ್ಕೆ, ನೋಡುತ್ತಿದ್ದುದು ಅವರ ಕೈಯನ್ನು. ಒಮ್ಮೆ ಧೈರ್ಯ ಮಾಡಿ ಮಾತಾಡಿಸಿದೆ. ಆಮೇಲೆ ಪರಿಚಯ ಬೆಳೆಯಿತು.

ಅಷ್ಟರಲ್ಲಿ ಸಿನಿಮಾಕ್ಕೆ ಮಾತು ಬಂತು. ಊರೆಲ್ಲ ಹಬ್ಬ ಮಾಡಿತು; ಪರದೆಯ ಕೆಳಗಿನವರು ಮಾತ್ರ ತಮ್ಮ ವಾದ್ಯ ಕಟ್ಟಿಕೊಂಡು ಹೊರಗೆ ಬಂದರು. ಪೆದ್ರು ಮಾಸ್ತರರು ಗೋವೆಗೆ ಹಿಂತಿರುಗುವವರೆಂದೂ, ಹೋಗುವ ಮುಂಚೆ ಒಂದು ಗಿಟಾರು ಮಾರುವವರೆಂದೂ ಗೊತ್ತಾಯಿತು. ಹೊಸ ಗಿಟಾರು ಮುಂಬಯಿಯಿಂದ ತರಿಸಬೇಕು. ಅದರ ಬೆಲೆ ಕೇಳಿದರೆ ನನ್ನಂಥವನು ಪುಂಗಿಯಲ್ಲೇ ತೃಪ್ತನಾಗಬೇಕಿತ್ತು. ಹುಡುಗರಿಗೆ ಪಾಠ ಹೇಳಿ ಕೂಡಿಸಿದ ಅಷ್ಟಿಷ್ಟು ದುಡ್ಡು ಕಿಸೆಯಲ್ಲಿಟ್ಟುಕೊಂಡು ಹೊರಟೆ. ಹೊರಡುವಾಗ ಅಂಬೂ ಅತ್ಯಾ, "ನನಗೂ ಹುಬ್ಬಳ್ಳಿ ಮಠಕ್ಕ ಹೋಗೂದದ, ನಡಿ" ಎಂದು ಜೊತೆಗೆ ಬಂದಳು.

ಅಂಬೂ ಅತ್ಯಾ ನನ್ನ ತಂದೆಯ ತಂಗಿ. ಮದುವೆಗೆ ಮುಂಚೆ ಆಕೆ ಚೆನ್ನಾಗಿ ಹಾಡುತ್ತಿದ್ದಳಂತೆ. ಚಿಕ್ಕ ವಯಸ್ಸಿನಲ್ಲಿ ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಮರಳಿದಳು. ತವರಿನಿಂದ ಒಯ್ದಿದ್ದ ತಂಬೂರಿ ಅತ್ತೆಯ ಮನೆಯಲ್ಲೇ ಉಳಿಯಿತು. ಇಲ್ಲಿ ಆಕೆಗೆ ಹಾಡಬೇಡ ಎಂದು ಯಾರೂ ಹೇಳಿರಲಿಲ್ಲ. ಹಾಡು ಎಂದೂ ಯಾರೂ ಹೇಳಿರಲಿಲ್ಲ. ಊಟಕ್ಕೆ ಕರೆಯುವ ದನಿಯನ್ನು ಬಿಟ್ಟರೆ ನಾನು ಆಕೆಯ ಬೇರೆ ದನಿ ಕೇಳಿದವನಲ್ಲ.

ಮಠದ ದರ್ಶನ ಮುಗಿಸಿ, ಸ್ಟೇಶನ್ನಿನ ಹಿಂದಿನ ಓಣಿಯಲ್ಲಿದ್ದ ಪೆದ್ರು ಮಾಸ್ತರರ ಖೋಲಿಗೆ ಹೋದೆವು. ಅವರು ನನ್ನ ಕೈಗೆ ಒಂದು ಗಿಟಾರು ಕೊಟ್ಟರು. ಅಬ್ಬಾ, ಏನು ಹೊಳಪು! ನನ್ನ ಮುಖವೇ ಅದರಲ್ಲಿ ಕಾಣುತ್ತಿತ್ತು. ಕೊರಳ ಮೇಲೆ ಚಿಪ್ಪಿನ ಹೂವು ಬೇರೆ. ನನ್ನ ಪರೀಕ್ಷೆ ಅಲ್ಲಿಗೆ ಮುಗಿಯಿತು. ಆದರೂ ತಿಳಿದವನಂತೆ ಕಾಣಬೇಕೆಂದು ಒಂದು ಕಣ್ಣು ಮುಚ್ಚಿ ಕೊರಳು ಡೊಂಕಿದೆಯೇ ಎಂದು ನೋಡಿದೆ, ತಂತಿ ಮೀಟಿದೆ.

ಮಂಚದ ತುದಿಗೆ ಕೂತಿದ್ದ ಅತ್ಯಾ ಮೆಲ್ಲಗೆ ಹೇಳಿದಳು: "ದನಿ ಬಾಗಲದಾಗ ನಿಂತದ. ಒಳಗ ಬರಲಿಲ್ಲ."

ನಾನು ಪೆಚ್ಚಾದೆ. ಆಕೆ ಗೋಡೆಯ ಮೇಲಿನ ಇನ್ನೊಂದು ಗಿಟಾರು ನೋಡುತ್ತಿದ್ದಳು. ಮೇರಿ ಮಾತೆಯ ಪಟದ ಪಕ್ಕ ಮೊಳೆಗೆ ತೂಗುಹಾಕಿದ್ದ ಅದಕ್ಕೆ ಹೂವಿಲ್ಲ, ಹೊಳಪಿಲ್ಲ. ಕೈ ಊರಿ ಊರಿ ಬಣ್ಣ ಹೋಗಿತ್ತು.

"ಅದು ಮಾರೂದಲ್ರಿ ಬಾಯಾರ," ಎಂದರು ಮಾಸ್ತರರು. "ಅದು ನಂದು."

"ಮಾರಬ್ಯಾಡ್ರಿ. ಒಮ್ಮೆ ಕೇಳತೇನಿ, ಅಷ್ಟ."

ಅವರು ತೆಗೆದುಕೊಟ್ಟರು. ಅತ್ಯಾ ದಪ್ಪ ತಂತಿಯನ್ನು ಮೀಟಿ ಕೈ ತೆಗೆದಳು. ದನಿ ಎದ್ದು, ಖೋಲಿಯನ್ನು ತುಂಬಿ, ಅವಸರವಿಲ್ಲದೆ ಇಳಿಯಿತು. ಪೂರ್ತಿ ಅಡಗಿದ ಮೇಲೆ ಆಕೆ, "ಮರ ಛಲೋ ಒಣಗೇದ" ಎಂದಳು.

ಮಾಸ್ತರರ ಮುಖ ಅರಳಿತು. "ಖರೇ ಹೇಳಿದ್ರಿ. ಇದರ ಮುಂದಿನ ಹಲಗಿ ಅಖಂಡ ಐತ್ರಿ. ಬಾರಿಸಿದಷ್ಟು ಬಾಯಿ ಬಿಡತೈತಿ. ಅದರದು ತೆಳ್ಳನ ಪದರ ಅಂಟಿಸಿ ಬಣ್ಣಾ ಹೊಡದದ್ದು. ತಂತಿ ಎರಡಕ್ಕೂ ಉಕ್ಕಿನವ. ಕರುಳಿನ ತಂತಿ ನಮ್ಮ ಮಳಿಗಾಲಕ್ಕ ಮುನಿಸ್ಕೋತಾವ್ರಿ."

ಅತ್ಯಾ ಅಷ್ಟರಲ್ಲಿ ಬಿರಡೆ ತಿರುಗಿಸತೊಡಗಿದ್ದಳು. "ಬಾಯಾರ, ತಂತಿ ಹರೀತಾವು" ಎಂದು ಮಾಸ್ತರರು ಅರ್ಧ ಎದ್ದರು. "ಏರಸೂದಿಲ್ಲ, ಇಳಸ್ತೇನಿ" ಎಂದಳು. ಪಂಚಮಕ್ಕೊಂದು, ಉಳಿದವನ್ನು ಷಡ್ಜಕ್ಕೆ ಕೂಡಿಸಿ, ಗಿಟಾರನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಸೆರಗಿನ ಮರೆಯಲ್ಲಿ ಅದರ ಕೊರಳಿಗೆ ಕಿವಿ ಹಚ್ಚಿ, ತಂಬೂರಿಯಂತೆ ಒಂದೊಂದೇ ತಂತಿ ಮೀಟಿದಳು. ಸ್ವಲ್ಪ ಹೊತ್ತಿಗೆ ಅದರ ಜೊತೆ ಇನ್ನೊಂದು ದನಿ ಕೂಡಿಕೊಂಡಿತು. ಅದು ಅತ್ಯಾನದೆಂದು ನನಗೆ ತಿಳಿಯಲು ಹೊತ್ತು ಹಿಡಿಯಿತು. ಮೊದಲು ಒಡೆಯಿತು. ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ಮತ್ತೆ ಷಡ್ಜದಿಂದ ಹಿಡಿದಳು. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಆಕೆ ಮುಂಜಾನೆಯ ತೋಡಿ ಹಾಡಿದಳು. ಧಾರವಾಡದಲ್ಲಾಗಿದ್ದರೆ ಈ ಹೊತ್ತುಗೇಡನ್ನು ಓಣಿಯವರು ಕ್ಷಮಿಸುತ್ತಿರಲಿಲ್ಲ. ಇಲ್ಲಿ ಪೆದ್ರು ಮಾಸ್ತರರು ಕೈಕಟ್ಟಿ ಕೂತಿದ್ದರು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ನೆಲ ನೋಡುತ್ತಿದ್ದೆ.

ಹಾಡು ನಿಂತ ಮೇಲೆ ಮಾಸ್ತರರು ಕೇಳಿದರು: "ಮನ್ಯಾಗ ತಂಬೂರಿ ಇಲ್ಲೇನ್ರಿ ಬಾಯಾರ?"

"ಇತ್ತು," ಎಂದಳು ಅತ್ಯಾ. ಗಿಟಾರನ್ನು ಒರೆಸಿ ಅವರ ಕಡೆ ಚಾಚಿದಳು.

ಅವರು ಕೈ ಚಾಚಲಿಲ್ಲ. "ಇದನ್ನ ಒಯ್ರಿ. ಆ ಹೊಳಿಯೂದನ್ನ ನಾ ಒಯ್ತೇನಿ. ನಮ್ಮೂರಾಗ ಇನ್ನ ಮದವಿ ಮನ್ಯಾಗ ಬಾರಿಸಬೇಕು. ಅಲ್ಲಿ ಕೇಳಾವರಿಗಿಂತ ನೋಡಾವರು ಭಾಳ."

"ನಿಮ್ಮದು ಅಂದಿದ್ರಿ."

"ಹೌದ್ರಿ. ಇಲ್ಲಿ ಸುಮ್ಮನ ಜೋತು ಬಿದ್ದಿತ್ತು." ನಾನು ತಂದಿದ್ದ ದುಡ್ಡನ್ನು ಎಣಿಸದೆ ಕಿಸೆಗೆ ಹಾಕಿಕೊಂಡರು. ಬಾಗಿಲವರೆಗೆ ಬಂದವರು ನಾವು ಓಣಿ ದಾಟುವ ಮೊದಲೇ ಒಳಗೆ ಹೋದರು.

ರೈಲಿನಲ್ಲಿ ನನಗೆ ಅಪ್ಪನ ಚಿಂತೆ. ಅಪ್ಪ ಸಾಲಿಯಲ್ಲಿ ಸಂಸ್ಕೃತ ಕಲಿಸುವವರು, ಮಡಿವಂತರು. ಮನೆ ಸೇರಿದಾಗ ಪಡಸಾಲೆಯಲ್ಲೇ ಕೂತಿದ್ದರು. ಅತ್ಯಾ ಜೊತೆಗೆ ಒಯ್ದಿದ್ದ ಇನ್ನೊಂದು ಸೀರೆಯಲ್ಲಿ ಸುತ್ತಿದ್ದ ಗಂಟು ಬಿಚ್ಚಿದೆ. ಅಪ್ಪ ಬಹಳ ಹೊತ್ತು ನೋಡಿದರು.

"ಏನಿದು?"

"ಗಿಟಾರು. ಅತ್ಯಾ ಆರಿಸಿದ್ಲು."

ಅಪ್ಪ ತಂಗಿಯ ಮುಖ ನೋಡಿದರು. ನಮ್ಮ ಹಿಂದಿನವರು ವಾದ್ಯಗಳನ್ನು ನಾಲ್ಕು ಜಾತಿ ಮಾಡಿದ್ದಾರೆ: ತಂತಿಯದು, ಚರ್ಮದ್ದು, ಊದುವುದು, ಕುಟ್ಟುವುದು. ಅಪ್ಪ ಈಗ ಅದನ್ನೆಲ್ಲ ನನಗೆ ವಿವರಿಸಿ ಹೇಳಿ, "ತಂತಿ ಅದಾವಂದ್ರ ಇದು ವೀಣಾದ ಪೈಕಿ ಆತು" ಎಂದು ತೀರ್ಪು ಕೊಟ್ಟರು. "ಯಾರು ಬಾರಿಸಬೇಕು, ಯಾರು ಬಾರಿಸಬಾರದು ಅಂತ ಇದರ ಬಗ್ಗೆ ಯಾರೂ ಬರದಿಲ್ಲ. ಬರಿಯೋವರು ಇದನ್ನ ಕಂಡಿದ್ದಿಲ್ಲ." ಆಮೇಲೆ ತಾವೇ ಒಂದು ತಂತಿ ಮೀಟಿದರು. "ಅಂಬೂ, ಶ್ರುತಿ ಇಳಿಸೀದಿ. ನೀ ಇದಕ್ಕಿಂತ ಮ್ಯಾಲ ಹಾಡತಿದ್ದಿ."

"ವಯಸ್ಸಾತಲ್ಲೋ ಅಣ್ಣಾ."

ಅಪ್ಪ ಎದ್ದು ಸಂಧ್ಯಾವಂದನೆಗೆ ಹೋದರು. ಅಷ್ಟು ವರ್ಷ ಅವರು ಆ ಶ್ರುತಿಯನ್ನು ಕಿವಿಯಲ್ಲಿಟ್ಟುಕೊಂಡೇ ಇದ್ದರು. ಬಾಯಿಬಿಟ್ಟು ಹೇಳಲು ಒಂದು ನೆಪ ಸಿಕ್ಕಿರಲಿಲ್ಲ.

ಆ ಮೇಲೆ ನಾನೂ ನುಡಿಸಲು ಹೆಣಗಿದೆ. ಉಕ್ಕಿನ ತಂತಿ ಬೆರಳ ತುದಿಗೆ ಗುಳ್ಳೆ ಎಬ್ಬಿಸಿದವು. ಸಂಜೆ ನಾನು ಪೆದ್ರು ಮಾಸ್ತರರ ರೀತಿಯಲ್ಲಿ ತಂತಿ ಕೂಡಿಸುವುದು, ಬೆಳಿಗ್ಗೆ ಅತ್ಯಾ ಅದನ್ನು ತಿರುಗಿ ತಂಬೂರಿ ಮಾಡುವುದು. ಕೆಲವು ದಿನ ಹೀಗೆ ನಡೆದು, ತಂತಿಗಳ ಮೇಲಿನ ಕರುಣೆಯಿಂದ ನಾನು ಬಿಟ್ಟುಕೊಟ್ಟೆ. ಅದನ್ನು ತ್ಯಾಗವೆಂದು ಮನೆಯಲ್ಲಿ ಹೇಳಿಕೊಂಡೆ, ಯಾರೂ ನಂಬಲಿಲ್ಲ. ಅತ್ಯಾ ತಂತಿಯ ಕೆಳಗೆ ಹೂಬತ್ತಿಯ ಎಳೆ ಸಿಕ್ಕಿಸಿ ತಂಬೂರಿಯ ಝೇಂಕಾರ ಬರಿಸಲು ನೋಡುತ್ತಿದ್ದಳು. ಬರುತ್ತಿತ್ತು, ಅರ್ಧಮರ್ಧ. ಓಣಿಯ ಹೆಣ್ಣುಮಕ್ಕಳು ಕಲಿಯಲು ಬರತೊಡಗಿದರು. ನಮ್ಮ ಪಡಸಾಲೆಯಲ್ಲಿ ಮುಂಜಾನೆಯ ತೋಡಿ ಮುಂಜಾನೆಯೇ ಕೇಳಿಸತೊಡಗಿತು.

ನನಗೆ ನೌಕರಿ ಸಿಕ್ಕ ಮೇಲೆ ಮಿರಜಿಗೆ ಹೋಗಿ ಒಂದು ಒಳ್ಳೆಯ ತಂಬೂರಿ ತಂದೆ. ಅತ್ಯಾ ಅದಕ್ಕೆ ಹೂವು ಏರಿಸಿ, ಶ್ರುತಿ ಮಾಡಿ, ಕಣ್ಣು ಮುಚ್ಚಿ ಕೇಳಿ, "ಭಾಳ ಛಲೋ ಅದ" ಎಂದಳು. ಹಾಗೆಂದು ತಂಬೂರಿಯನ್ನು ಶಿಷ್ಯೆಯ ಕೈಗೆ ಕೊಟ್ಟು, ತಾನು ಗಿಟಾರನ್ನೇ ಎತ್ತಿಕೊಂಡಳು. ನನಗೆ ಸ್ವಲ್ಪ ಬೇಸರವಾಯಿತು. ಕಾರಣ ಕೇಳಿದೆ.

"ತಂಬೂರಿಗೆ ಎಲ್ಲಾ ಗೊತ್ತಿರತದ ನೋಡು. ಅದರ ಮುಂದ ಬಾಯಿ ತಗೀಲಿಕ್ಕೆ ಅಂಜಿಕಿ. ಇದಕ್ಕ ಪಾಪ ಏನೂ ಗೊತ್ತಿಲ್ಲ. ಸುಮ್ಮನ ಜೊತಿ ಕೊಡತದ."

ಅಂದಿನಿಂದ ಯಾರಾದರೂ ಹಾಡಲು ಕೂತರೆ ನಾನು ಎದುರಿಗೆ ಕೂತು ತಲೆದೂಗುತ್ತೇನೆ. ತಿಳಿದವನಂತೆ ಅಲ್ಲ, ಪಾಪ, ಏನೂ ಗೊತ್ತಿಲ್ಲದವನಂತೆ.