ಲೀಟರಿಗೆ ಹದಿನೆಂಟು

ನಮ್ಮ ಕಂಪನಿಯ ಕಾರ್ ಶೆಡ್ಡಿನಲ್ಲಿ ಅವನನ್ನು ಎಲ್ಲರೂ ತೊಟ್ಟಪ್ಪ ಎಂದೇ ಕರೆಯುತ್ತಿದ್ದರು. ಪೆಟ್ರೋಲನ್ನು ತೊಟ್ಟು ತೊಟ್ಟಾಗಿ ಲೆಕ್ಕ ಹಿಡಿಯುವ ಡ್ರೈವರ್. ಬಲಗಾಲಿನ ಚಪ್ಪಲಿ ಬಿಚ್ಚಿಟ್ಟು, ಮಲಗಿದ ಹಸುಗೂಸಿನ ಕೆನ್ನೆ ಮುಟ್ಟುವ ಹಾಗೆ ಬರಿಗಾಲಿನಲ್ಲಿ ಆಕ್ಸಿಲರೇಟರ್ ಮುಟ್ಟುತ್ತಿದ್ದ. ಮುಂದಿನ ವಾರ ಕೆಂಪಾಗಲಿರುವ ಸಿಗ್ನಲ್ಲಿಗೆ ಈ ವಾರವೇ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಿದ್ದ. ದೂರದ ಡ್ಯೂಟಿಗೆ ಮುಂಚೆ ಭಾರ ಕಡಿಮೆಯಾಗಲೆಂದು ಉಗುರು ಕತ್ತರಿಸಿಕೊಂಡದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಕಾರಿನೊಳಗೆ ನೊಣ ಬಂದರೆ ಸೀಟಿನ ಮೇಲೆ ಕೂರಲು ಬಿಡುತ್ತಿರಲಿಲ್ಲ. ಊರು ಮುಟ್ಟುವವರೆಗೂ ಅದು ಹಾರಿಕೊಂಡೇ ಬರಬೇಕಿತ್ತು.

ನಮ್ಮ ಕಾರುಗಳು ಲೀಟರಿಗೆ ಹದಿಮೂರು ಕಿಲೋಮೀಟರ್ ಓಡಿದರೆ ಅವನದು ಹದಿನೆಂಟು. ಯಾರೂ ಕೇಳಿದ್ದಲ್ಲ, ಅವನ ಚಟ.

ಹೊಸದಾಗಿ ಬಂದ ಮ್ಯಾನೇಜರ್ ಇದನ್ನು ನೋಡಿ, ಎಲ್ಲರೆದುರು ಅವನ ಕೈ ಕುಲುಕಿ, ಅವನ ಫೋಟೋವನ್ನು ಶೆಡ್ಡಿನ ಗೋಡೆಗೆ ಹಾಕಿಸಿದ. ಆ ದಿನ ತೊಟ್ಟಪ್ಪ ಎಷ್ಟು ಉಬ್ಬಿದನೆಂದರೆ ಕಾರಿನ ಬಾಗಿಲು ಸಾಲಲಿಲ್ಲ. ಮಾರನೆಯ ಬೆಳಿಗ್ಗೆ ಫೋಟೋದ ಕೆಳಗೆ ನೋಟೀಸು ಬಂತು: ಇನ್ನು ಮುಂದೆ ಎಲ್ಲ ಕಾರುಗಳೂ ಹದಿನೆಂಟು ಕೊಡಬೇಕು. ಸತತ ಮೂರು ತಿಂಗಳು ಕೊಡದವನಿಗೆ ಕೆಲಸವಿಲ್ಲ.

ಅಂದಿನಿಂದ ಅವನು ಬೆಂಚಿನ ಮೇಲೆ ಕೂತರೆ ಉಳಿದವರು ಏಳತೊಡಗಿದರು.

"ಏನ್ ಸಾಹೇಬ್ರೇ, ಟೀ ಕುಡೀತೀರಾ, ಇಲ್ಲ ಬರೀ ವಾಸನೆ ನೋಡಿ ಉಳಿಸ್ತೀರಾ?" ಎಂದ ನಮ್ಮಲ್ಲಿ ಹಿರಿಯ ಡ್ರೈವರ್.

ಎಸಿ ಆರಿಸಿ, ಬೆವರಿನಲ್ಲಿ ತೊಯ್ದು, ನಾವೆಲ್ಲ ಹೇಗೋ ಒಂದು ತಿಂಗಳಾದರೂ ಹದಿನೆಂಟು ಮುಟ್ಟಿಸಿದೆವು. ಪೆಟ್ಟು ಬಿದ್ದದ್ದು ಮಾತ್ರ ತೊಟ್ಟಪ್ಪನ ಬಾಮೈದನಿಗೆ. ಅವನನ್ನು ಕೆಲಸಕ್ಕೆ ಸೇರಿಸಿದ್ದೇ ತೊಟ್ಟಪ್ಪ. ಬಾಮೈದನ ಕಾರು ನಮ್ಮೆಲ್ಲರ ಅಜ್ಜಂದಿರಿಗಿಂತ ಹಳೆಯದು. ದಿನವೂ ಬೆಟ್ಟದ ಮೇಲಿನ ಗೋದಾಮಿಗೆ ಏದುಸಿರು ಬಿಡುತ್ತ ಹತ್ತಬೇಕು. ಎರಡು ತಿಂಗಳಾದರೂ ಹನ್ನೊಂದು ದಾಟಲಿಲ್ಲ.

"ಭಾವ, ಮ್ಯಾನೇಜರ್‌ಗೆ ಒಂದು ಮಾತು ಹೇಳಿ."

"ಹೇಳ್ದೆ ಕಣೋ. 'ನೀನು ಕೊಡ್ತಿಲ್ವಾ?' ಅಂದ್ರು."

"ಹಾಗಾದ್ರೆ ನೀವೂ ಕೊಡ್ಬೇಡಿ. ಈ ತಿಂಗಳು ನಿಮ್ ಗಾಡಿಗೆ ಚೆನ್ನಾಗಿ ಕುಡಿಸಿ. ನಿಮ್ ಕೈಲೇ ಆಗ್ದಿದ್ದು ನಮ್ ಕೈಲಿ ಹೇಗಾಗುತ್ತೆ ಅಂತ ನಾವೆಲ್ಲ ಹೋಗಿ ಕೇಳ್ತೀವಿ."

ಮನೆಯಲ್ಲಿ ಹೆಂಡತಿಯದೂ ಅದೇ ಮಾತು. "ನನ್ ತಮ್ಮನ ಕೆಲಸ ಅದು. ಒಂದು ತಿಂಗಳು ಜೋರಾಗಿ ಒತ್ತಿದ್ರೆ ನಿಮ್ ಕಾಲೇನು ಸವೆದುಹೋಗುತ್ತಾ?"

"ಒತ್ತೀನಿ ಕಣೇ," ಎಂದನಂತೆ.

ಒತ್ತಿದ ಕೂಡ. ಎಂಜಿನ್ ಅಬ್ಬರಿಸಿದ ತಕ್ಷಣ, ಕೆಂಡ ತುಳಿದವನ ಹಾಗೆ ಕಾಲು ತಾನಾಗಿ ಮೇಲೆದ್ದಿತು. ಬೇರೆ ದಾರಿ ಕಾಣದೆ ಶೆಡ್ಡಿನಲ್ಲೇ ಕಾರು ಚಾಲೂ ಮಾಡಿ, ಎಸಿ ಹಾಕಿ, ಕೆಳಗಿಳಿದು ಗೇಟಿನವರೆಗೆ ಹೋಗಿ ನಿಂತ. ನಾವೆಲ್ಲ ನೋಡುತ್ತ ನಿಂತೆವು. ಬಾಮೈದ ಗಡಿಯಾರ ನೋಡುತ್ತಿದ್ದ. ಎರಡು ನಿಮಿಷ. ತೊಟ್ಟಪ್ಪ ಓಡಿಬಂದು ಕೀ ತಿರುಗಿಸಿಬಿಟ್ಟ.

"ಸುಮ್ನೆ ಉರೀತಿತ್ತು," ಎಂದ, ಯಾರ ಮುಖವನ್ನೂ ನೋಡದೆ. "ಒಳಗೆ ಯಾರೂ ಇರ್ಲಿಲ್ಲ."

ತಿಂಗಳ ಕೊನೆಗೆ ಅದೇ ಹದಿನೆಂಟು. ಬಾಮೈದ ಕಾರಿನ ಕೀ ಒಪ್ಪಿಸಿ, ಗೋಡೆಯ ಮೇಲಿನ ಭಾವನ ಫೋಟೋಗೆ, ಸತ್ತವರ ಫೋಟೋಗೆ ಮುಗಿಯುವ ಹಾಗೆ ಕೈಮುಗಿದು ಹೊರಟುಹೋದ. ಎದುರಿಗೇ ನಿಂತಿದ್ದ ಭಾವನ ಕಡೆ ತಿರುಗಲಿಲ್ಲ.

ತೊಟ್ಟಪ್ಪ ಈಗಲೂ ಚಪ್ಪಲಿ ಬಿಚ್ಚಿಟ್ಟೇ ಕಾರು ಹತ್ತುತ್ತಾನೆ. ಮನೆಯಲ್ಲಿ ಉಳಿಸುವ ಕೆಲಸವನ್ನು ಈಗ ಹೆಂಡತಿಯೂ ಕಲಿತಿದ್ದಾಳೆ. ದಿನಕ್ಕೆ ಮೂರೇ ಮಾತು. ಅದರಲ್ಲಿ ಎರಡು ಪಕ್ಕದ ಮನೆಯವಳಿಗೆ.