ಹೊಸಹೊಳಲಿನ ಬೇರೆ ತಣಿಗೆ

ಐದಕ್ಕೆ ಎದ್ದು ಅಂಗಳ ಸಾರಿಸಿದೆ, ಹಾಲು ಕಾಯಿಸಿದೆ, ಯಜಮಾನರಿಗೆ ಉಪ್ಪಿಟ್ಟು ಮಾಡಿ ಮುಚ್ಚಿಟ್ಟೆ, ಒಣಗಿದ ಸೀರೆ ಮಡಿಸಿದೆ, ಹೆಪಟೈಟಿಸ್ ಬಿ ಕುರಿತ ಚಿತ್ರಪಟಗಳನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿದೆ. ಶ್ರೀರಂಗಪಟ್ಟಣದ ಬಸ್‌ಸ್ಟಾಂಡಿಗೆ ಬಂದಾಗ ಸರೋಜಮ್ಮ ಆಗಲೇ ಕಿಟಕಿ ಸೀಟು ಹಿಡಿದಿದ್ದಳು. ರಕ್ತಪರೀಕ್ಷೆ ಅವಳ ಕೆಲಸ, ತಿಳಿವಳಿಕೆ ಹೇಳುವುದು ನನ್ನದು. ನಾನು ಆರೋಗ್ಯ ಇಲಾಖೆ ಸೇರಿ ಹನ್ನೆರಡು ವರ್ಷ, ಅವಳು ಸೇರಿ ಒಂದು. ಆದರೂ ಊರೂರಿನಲ್ಲಿ ಅವಳು ‘ಅಕ್ಕ’, ನಾನು ‘ಮೇಡಮ್ಮು’.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ಟಿಕೆಟ್ಟಿಗೆ ಕಾಸು ಕೊಡಬೇಕಿಲ್ಲ. ಪಾಂಡವಪುರದಲ್ಲಿ ಬಸ್ಸು ಬದಲಿಸುವ ಮೊದಲು ಇಡ್ಲಿ ತಿಂದೆವು. ಹೋಟೆಲಿನವನು, “ಅಕ್ಕಾ, ಇನ್ನೊಸಿ ಚಟ್ನಿ ಆಕ್ಲಾ?” ಎಂದು ಅವಳನ್ನೇ ಕೇಳಿದ. ನಾನು ಒಣ ಇಡ್ಲಿಯನ್ನೇ ತಿಂದೆ.

ಕೆ.ಆರ್. ಪೇಟೆ ತಲುಪುವಷ್ಟರಲ್ಲಿ ಬಿಸಿಲು ಏರಿತ್ತು. ಅಲ್ಲಿಂದ ಹೊಸಹೊಳಲಿಗೆ ಆಟೋ, ತಲೆಗೆ ಇಪ್ಪತ್ತು ರೂಪಾಯಿ. ಹಿಂದಿನ ತಿಂಗಳ ತಪಾಸಣೆಯಲ್ಲಿ ಆ ಊರಿನ ಪುಟ್ಟತಾಯಮ್ಮನ ಮಗ ನಿಂಗೇಗೌಡನ ರಕ್ತದಲ್ಲಿ ಹೆಪಟೈಟಿಸ್ ಬಿ ಸೋಂಕು ಕಂಡಿತ್ತು. ಅವನ ಹೆಂಡತಿ ಲತಾ ಏಳು ತಿಂಗಳ ಬಸುರಿ. ಅವಳ ಪರೀಕ್ಷೆ ಆಗಿರಲಿಲ್ಲ. ಅವಳಿಗೂ ಇದ್ದರೆ ಮಗು ಹುಟ್ಟಿದ ದಿನವೇ ಕೊಡಬೇಕಾದ ವಿಶೇಷ ಚುಚ್ಚುಮದ್ದಿಗೆ ಈಗಲೇ ಏರ್ಪಾಡು ಮಾಡಬೇಕಿತ್ತು.

ಅವರ ಮನೆಗೆ ಹೋದಾಗ ನಿಂಗೇಗೌಡ ಜಗಲಿಯಲ್ಲಿ ಒಬ್ಬನೇ ಉಣ್ಣುತ್ತಿದ್ದ. ಅವನಿಗೆ ಉಣ್ಣಲು ಬೇರೆ ತಣಿಗೆ, ಕುಡಿಯಲು ಬೇರೆ ಲೋಟ. ಆದರೆ ಕನ್ನಡಿಯ ಪಕ್ಕ ಅಣ್ಣತಮ್ಮಂದಿರಿಬ್ಬರೂ ಗಡ್ಡ ಹೆರೆದುಕೊಳ್ಳುವ ರೇಜರು ಮಾತ್ರ ಒಂದೇ!

ನಾನು ಪಟ ಬಿಚ್ಚಿ, ಜೊತೆಯಲ್ಲಿ ಉಂಡರೆ ಬರುವುದಿಲ್ಲ, ರಕ್ತ ಸೋಕಿದ ಬ್ಲೇಡಿನಿಂದ ಬರುತ್ತದೆ ಎಂದು ಇಪ್ಪತ್ತು ನಿಮಿಷ ಹೇಳಿದೆ. ಪುಟ್ಟತಾಯಮ್ಮ, “ಎಲ್ಲಾ ಸರಿ ಮೇಡಮ್ಮೋರೆ. ಸೊಸೆ ಕೈ ಮಾತ್ರ ಚುಚ್ಬ್ಯಾಡಿ. ಅವಳ್ಗೂ ಐತೆ ಅಂದ್ಬುಟ್ರೆ ಇನ್ನೊಂದು ತಣಿಗೆ ತರಾನಾ?” ಎಂದಳು.

ಸರೋಜಮ್ಮ ಕೈ ತೊಳೆದು ನಿಂಗೇಗೌಡನ ಪಕ್ಕ ಕೂತಳು. “ಒಸಿ ಸರ್ಕಳಪ್ಪ, ಒಟ್ಟೆ ಅಸೀತೈತೆ” ಎಂದು ಅವನ ತಣಿಗೆಯಿಂದಲೇ ಮುದ್ದೆ ಮುರಿದು, ಉಪ್ಸಾರಿನಲ್ಲಿ ಅದ್ದಿ ನುಂಗಿದಳು. “ಏನವ್ವಾ, ಇವನ್ಗೆ ಕಾರಾನೂ ಬ್ಯಾರೆ ರುಬ್ಬಿದ್ಯಾ? ಸಪ್ಪಗೈತಲ್ಲ!”

ನಿಂಗೇಗೌಡ ನಕ್ಕ. ನನಗೆ ಮೈಯೆಲ್ಲ ಉರಿಯಿತು. ಮಾತು ನನ್ನದು, ಉಂಡವಳು ಅವಳು. ಇದು ನನಗೇಕೆ ಹೊಳೆಯಲಿಲ್ಲ?

ಪುಟ್ಟತಾಯಮ್ಮ ನನ್ನತ್ತ ತಿರುಗಿದಳು. “ಅಕ್ಕ ಉಂಡ್ಲು. ಪಾಠ ಮಾಡ್ದೋರು ನೀವು. ನೀವೂ ಒಂದು ತುತ್ತು ಉಣ್ಣಿ ಮತ್ತೆ.”

ಒಂದು ಗಳಿಗೆ ಕೈ ತಡೆಯಿತು, ಸುಳ್ಳು ಹೇಳಲಾರೆ. ಸರೋಜಮ್ಮನ ಮುಂದೆ ಸೋಲಬಾರದೆಂಬ ಹಟವೇ ನನ್ನನ್ನು ಕೂರಿಸಿತು. ಅವಳದಕ್ಕಿಂತ ದೊಡ್ಡ ತುತ್ತು ಮುರಿದೆ. ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ನಿಂಗೇಗೌಡ ಗಾಬರಿಯಿಂದ ತನ್ನ ಲೋಟವನ್ನೇ ಚಾಚಿದ. ಅದರಲ್ಲೇ ಗಟಗಟ ಕುಡಿದೆ.

ಪುಟ್ಟತಾಯಮ್ಮ ನನ್ನ ಬೆನ್ನು ಸವರುತ್ತಲೇ ಒಳಕ್ಕೆ ಕೂಗಿದಳು: “ಲತಾ, ಬಾವ್ವ, ಕೈ ಕೊಡು.”

ಸರೋಜಮ್ಮ ಅವಳ ಬೆರಳು ಚುಚ್ಚಿ ಹನಿ ರಕ್ತ ಹಾಕಿದ ಪರೀಕ್ಷೆಯ ಪಟ್ಟಿಯನ್ನೇ ಹದಿನೈದು ನಿಮಿಷ ಎಲ್ಲರೂ ನೋಡುತ್ತ ಕೂತೆವು. ಬಂದದ್ದು ಒಂದೇ ಗೆರೆ, ಅಂದರೆ ಸೋಂಕಿಲ್ಲ. ಮುಂದೆ ಬಾರದಂತೆ ಲಸಿಕೆ ಹಾಕಿಸಲು ಚೀಟಿ ಬರೆದುಕೊಟ್ಟೆ. ಪುಟ್ಟತಾಯಮ್ಮ ರೇಜರನ್ನು ಮಗನ ಕೈಗಿಟ್ಟು, “ಇದು ನಿಂದೊಬ್ಬಂದೇ ಕಣ್ಲಾ, ತಮ್ಮನ್ಗೆ ಬ್ಯಾರೆ ತಕ್ಕೊಡ್ತೀನಿ” ಎಂದಳು. ಅವನ ತಣಿಗೆ ಒಳಗಿನ ತಣಿಗೆಗಳ ಜೊತೆ ಸೇರಿತು. ಲತಾ ಮಾತ್ರ “ಮತ್ತೆ ಬನ್ನಿ” ಎಂದದ್ದು ಸರೋಜಮ್ಮನಿಗೇ. ಮಾರನೆಯ ದಿನದ ತಪಾಸಣೆ ನಾಗಮಂಗಲದಲ್ಲಿದ್ದುದರಿಂದ ಸಂಜೆಯ ಬಸ್ಸಿಗೆ ಅಲ್ಲಿಗೆ ಹೋದೆವು.

ರಾತ್ರಿ ಪರಿಚಯದ ನರ್ಸಮ್ಮನ ಕ್ವಾರ್ಟರ್ಸಿನಲ್ಲಿ ಅನ್ನ, ಅವರೆಕಾಳು ಸಾರು, ಮಜ್ಜಿಗೆ ಉಂಡೆವು. ಚಾಪೆ ಹಾಸುತ್ತ ಸರೋಜಮ್ಮ, “ನಾನು ಎಲ್ಲಿ ಬೇಕಾದ್ರೂ ಉಣ್ಣೋಳು. ನೀವು ಉಂಡಿದ್ದು ನೋಡೇ ಕಣ್ರೀ ಆವಮ್ಮ ಒಪ್ಪಿದ್ದು” ಎಂದಳು. ನಾನು ದೀಪ ಆರಿಸಿ ಬರುವಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು. ಅಂಥ ಮಾತನ್ನು ಅಷ್ಟು ಸಲೀಸಾಗಿ ಆಡಿ ಅಷ್ಟು ಬೇಗ ಮಲಗಿಬಿಟ್ಟಳಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು.